ಮರಿಯ ಕಿವಿ

ಮರಿಯ ಕಿವಿ ಸವರುತ್ತಿದ್ದ ಪಾಲಣ್ಣನ ಬೆರಳು ತಟ್ಟನೆ ನಿಂತಿತು. ಹೃದಯಾಘಾತವಾದ ಮೇಲೆ ಅವನು ತನ್ನ ಕುರಿರೊಪ್ಪಕ್ಕೆ ಕಾಲಿಟ್ಟದ್ದು ಇವತ್ತೇ. ಮರಿ ಅವನದೇ ಕರಿಮೂತಿ ಕುರಿಯ ಮೊಲೆ ಚೀಪುತ್ತಿತ್ತು. ತನ್ನ ಮರಿಗಳಿಗೆಲ್ಲ ಅವನು ಗುರುತಿಗೆಂದು ಕಿವಿಯ ತುದಿ ಸೀಳುತ್ತಿದ್ದ. ಇದರ ಕಿವಿಯ ತುದಿ ಹಾಗೇ ಇತ್ತು, ಅಂಚಿನಲ್ಲಿ ಕಚ್ಚು ಬಿದ್ದಿತ್ತು. ಅದು ಅವನ ತಮ್ಮ ರಾಜಣ್ಣ ತನ್ನ ಸ್ವಂತ ಕುರಿಗಳಿಗೆ ಹಾಕುವ ಗುರುತು. ಪಕ್ಕದ ಮರಿಯನ್ನು ನೋಡಿದ, ಅದರಾಚೆಯದನ್ನೂ ನೋಡಿದ. ಎಲ್ಲಕ್ಕೂ ಅದೇ ಕಚ್ಚು.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನಿಗೆ ಬಿಡಿಸಿ ಹೇಳಿದ್ದರು: "ಎದೆಯೊಳಗೆ ಸತ್ತಿರೋ ಮಾಂಸ ತೆಗೆಯೋಕೆ ಬಿಳಿ ರಕ್ತಕಣಗಳು ಓಡಿ ಬರ್ತವೆ. ಆಮೇಲೆ ಗಾಯ ಮಾಯಿಸೋದೂ ಅವೇ."

"ನಮ್ ರಾಜಣ್ಣ ಇದ್ದಂಗೆ ಅನ್ರಿ," ಎಂದು ಪಾಲಣ್ಣ ಹೆಮ್ಮೆಯಿಂದ ನಕ್ಕಿದ್ದ. ಸುದ್ದಿ ತಿಳಿದದ್ದೇ ತಡ, ತಮ್ಮ ತನ್ನೂರು ಕೊಂಡ್ಲಹಳ್ಳಿಯಿಂದ ಓಡಿ ಬಂದು ಕುರಿಗಳ ಹೊಣೆ ಹೊತ್ತಿದ್ದ. ಡಾಕ್ಟರಮ್ಮ ಇನ್ನೊಂದು ಮಾತೂ ಹೇಳಿದ್ದರು: "ಕೆಲಸ ಮುಗಿದ ಮೇಲೆ ಅವು ಹೋಗ್ಬಿಡಬೇಕು. ಅಲ್ಲೇ ಕೂತ್ರೆ ಚೆನ್ನಾಗಿರೋ ಮಾಂಸನೂ ಹಾಳು ಮಾಡ್ತವೆ." ಆ ಮಾತು ಆಗ ಅವನ ತಲೆಗೆ ಹೋಗಿರಲಿಲ್ಲ.

ಮರಿಯ ಕಿವಿಯ ಗಾಯ ಒಣಗಿ ಪೂರ್ತಿ ಮಾಯ್ದಿತ್ತು. ಅಂದರೆ ತಾನಿನ್ನೂ ಆಸ್ಪತ್ರೆಯ ಮಂಚದ ಮೇಲಿದ್ದಾಗಲೇ ರಾಜಣ್ಣ ಕತ್ತರಿ ಆಡಿಸಿದ್ದ.

ಅಷ್ಟರಲ್ಲಿ ರಾಜಣ್ಣ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಚೊಂಬು ಹಿಡಿದು ಬಂದ. "ಬಿಸಿಲಾಗೆ ಯಾಕ್ ಬಂದ್ಯಣ್ಣ? ಎದೆ ಹೆಂಗೈತೆ?"

ಪಾಲಣ್ಣ ಮರಿಯ ಕಿವಿಯನ್ನು ಬಿಡಲಿಲ್ಲ.

"ಮಾಯ್ದೈತೆ ಕಣ್ಲೇ. ಇನ್ನು ನೀನು ಊರಿಗೆ ಹೋಗು."