ಗಂಜಿ ಮಾರುವ ಹುಡುಗನ ದನಿ

ಹೊತ್ತು ಮುಳುಗಿದರೆ ಸಿನಿಮಾ ಶುರು. ಕಡಲ ದೇವಿ ಮಾಜು ತಾಯಿಯ ಗುಡಿಯ ಎದುರು ಬಿಳಿ ಪರದೆ ಕಟ್ಟಿಯಾಗಿತ್ತು. ಮುಂದಿನ ಸಾಲಿನ ಕೆಂಪು ಕುರ್ಚಿಯನ್ನು ದೇವಿಗೆಂದು ಖಾಲಿ ಬಿಟ್ಟಾಗಿತ್ತು. ಸರಿಯಾಗಿ ಆ ಹೊತ್ತಿಗೇ ಖುನ್ಹಾಯ್ ಮಾವನ ಗಂಟಲು ಕಟ್ಟಿತು. ಗುಡಿ ನೋಡಿಕೊಳ್ಳುವವರೂ ಅವರೇ, ಮೈಕು ಹಿಡಿದು ಪರದೆಯ ಮೇಲಿನ ಮ್ಯಾಂಡರಿನ್ ಮಾತನ್ನು ಊರ ಮಾತಿನಲ್ಲಿ ಹೇಳುವವರೂ ಅವರೇ. ಈಗ ಬಾಯಿ ತೆರೆದರೆ ಬರೀ ಗಾಳಿ.

ಇಂಗ್ತೋ ತನ್ನ ಅಜ್ಜಿಯ ಮುಖ ನೋಡಿದಳು. ಹೋದ ಚಳಿಗಾಲದಲ್ಲಿ ಬಿದಿರಿನ ತೆಪ್ಪ ಮಗುಚಿ ಇಂಗ್ತೋ ಸಮುದ್ರಕ್ಕೆ ಬಿದ್ದಾಗ, ಮೊಮ್ಮಗಳು ಬದುಕಿ ಬಂದರೆ ಸಿನಿಮಾ ತೋರಿಸುತ್ತೇನೆಂದು ದೇವಿಗೆ ಹರಕೆ ಹೊತ್ತವಳು ಅಜ್ಜಿ. ಊರವರು ಕೂತು ನೋಡಿದರಲ್ಲವೇ ಹರಕೆಗೆ ಕಳೆ? ಮಾತು ತಿಳಿಯದೆ ಎಲ್ಲರೂ ಎದ್ದು ಹೋದರೆ ಅಜ್ಜಿ ಖಾಲಿ ಅಂಗಳದಲ್ಲಿ ತಲೆ ತಗ್ಗಿಸಿ ಕೂರಬೇಕು.

"ಈ ಚಿತ್ರದಲ್ಲಿ ಸೇನಾಪತಿ ಇಲ್ಲ, ಕತ್ತಿ ಇಲ್ಲ," ಎಂದಳು ಬೋತಾನ್ ಅತ್ತೆ. ಕಡಲ ದಂಡೆಯಲ್ಲಿ ಸಿಂಪಿ ಬಿಡಿಸುವ ಹೆಂಗಸರ ಪೈಕಿ ಅವಳದೇ ದೊಡ್ಡ ಬಾಯಿ. "ಗಂಜಿ ಮಾರೋ ಹುಡುಗ ಹೋಗಿ ಮಾಯಗಾತೀನ ಗೆಲ್ತಾನಂತೆ! ಯಾವುದ್ರಲ್ಲಿ, ಸೌಟಲ್ಲಾ? ಗಂಜಿ ಮಾರೋರನ್ನ ನೋಡೋಕೆ ನಮ್ಮ ಬೀದಿ ಸಾಲ್ದಾ? ಯಾರೇ ಇದನ್ನ ಆರ್ಸಿದ್ದು?"

"ನಾನು," ಎಂದಳು ಇಂಗ್ತೋ, ತನಗೇ ಕೇಳಿಸದಷ್ಟು ಮೆಲ್ಲಗೆ. ಪೋಸ್ಟರಿನಲ್ಲಿದ್ದ ಹುಡುಗ ಹರಿದ ಚಪ್ಪಲಿಯನ್ನು ದಾರದಲ್ಲಿ ಬಿಗಿದುಕೊಂಡಿದ್ದ. ಅಷ್ಟಕ್ಕೇ ಅವಳು ಅವನನ್ನು ಆರಿಸಿದ್ದಳು.

ಖುನ್ಹಾಯ್ ಮಾವ ದೇವಿಯ ಮುಂದೆ ಮಂಡಿಯೂರಿದರು. ಮಾತಿಲ್ಲದೆಯೇ ಚಿತ್ರ ಓಡಿಸಲೇ ಎಂದು ಮನಸ್ಸಿನಲ್ಲೇ ಕೇಳಿ, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದರು. ಒಂದು ಅಂಗಾತ ಒಂದು ಬೋರಲು ಬಿದ್ದರೆ ದೇವಿ ಹೂಂ ಅಂದಂತೆ, ಎರಡೂ ಬೋರಲು ಬಿದ್ದರೆ ಊಹೂಂ. ಎರಡೂ ಅಂಗಾತ ಬಿದ್ದವು.

"ತಾಯಿ ನಗ್ತಿದಾಳೆ!" ಎಂದರು ಯಾರೋ. ಮಾವ ಮತ್ತೆ ಹಾಕಿದರು. ಮತ್ತೆ ನಗು.

"ನಗದೆ ಇನ್ನೇನು ಮಾಡ್ತಾಳೆ?" ಬೋತಾನ್ ಅತ್ತೆ ಸ್ಟೂಲು ಎತ್ತಿಕೊಂಡಳು. "ಮೂಗರನ್ನ ನೋಡೋ ಹಾಗಿದ್ರೆ ಮನೇಲಿ ನನ್ನ ಸೊಸೆ ಮುಂದೆ ಕೂತಿರ್ತಿದ್ದೆ. ಏಳ್ರೇ, ನಡೀರಿ."

ಮ್ಯಾಂಡರಿನ್ ಇಂಗ್ತೋಗೆ ಬರುತ್ತಿತ್ತು. ಶಾಲೆಯಲ್ಲಿ ಕಲಿತದ್ದು. ಆ ಶಾಲೆ ಬಿಟ್ಟದ್ದು ಮಾತ್ರ ದನಿಯಿಂದ. ಅವಳದು ಗೊಗ್ಗರು ದನಿ, ಪಾಠ ಓದಲು ಎದ್ದು ನಿಂತರೆ ಇಡೀ ತರಗತಿ ಬಾತುಕೋಳಿಯಂತೆ ಕೂಗುತ್ತಿತ್ತು. ನೀನು ಹೇಳು ಎಂದು ದೇವಿ ಒಮ್ಮೆ ಸೂಚಿಸಲಿ, ತನ್ನ ಹೆಸರನ್ನು ಯಾರಾದರೂ ಎತ್ತಲಿ ಎಂದು ಅವಳು ಕಾದಳು. ಯಾರೂ ಎತ್ತಲಿಲ್ಲ. ಅಲ್ಲಿ ಅಜ್ಜಿ ಎದ್ದು ಹೊರಟವರ ಕೈ ಹಿಡಿದು, "ಸ್ವಲ್ಪ ಕೂತ್ಕೊಳ್ರವ್ವಾ, ಚಿತ್ರ ಚೆನ್ನಾಗಿದ್ಯಂತೆ," ಎಂದು ಬೇಡುತ್ತಿದ್ದಳು.

ಇಂಗ್ತೋ ಹೋಗಿ ಮಾವನ ಕೈಯಿಂದ ಮೈಕು ತೆಗೆದುಕೊಂಡಳು.

"ಅಯ್ಯೋ, ಇವಳಾ? ಯಾರು ಹೇಳಿದ್ರು ಇವಳಿಗೆ?"

"ಯಾರೂ ಹೇಳಿಲ್ಲ ಕಣೇ."

ಚಿತ್ರ ಶುರುವಾಯಿತು. ಮಾಯಗಾತಿಯೊಬ್ಬಳು ಸಮುದ್ರದ ಉಬ್ಬರವನ್ನೇ ಕದ್ದು ಜಾಡಿಯಲ್ಲಿ ಮುಚ್ಚಿಟ್ಟಿದ್ದಳು. ಇಳಿದ ನೀರು ದಡಕ್ಕೆ ಮರಳುತ್ತಿಲ್ಲ. ಇದರ ಕಷ್ಟವೇನೆಂದು ಸಿಂಪಿ ಬಿಡಿಸುವ ಹೆಂಗಸರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಇಂಗ್ತೋಳ ಮೊದಲ ಮಾತು ಒಡೆದುಹೋಯಿತು. ಹಿಂದೆ ಯಾವನೋ "ಕ್ವಾಕ್" ಎಂದ, ಕೆಲವರು ನಕ್ಕರು. ಪರದೆಯ ಮೇಲೆ ಹುಡುಗನ ದನಿಯೂ ಒಡೆಯುವ ವಯಸ್ಸಿನದು. ಅವನು ಹಾಗೇ ಮಾತಾಡುತ್ತ ಹೋದ, ಇವಳೂ ಹೋದಳು. ಮಾಯಗಾತಿ ಗಹಗಹಿಸಿದಾಗ ಇಂಗ್ತೋ ಗಂಟಲನ್ನು ಪೂರಾ ಬಿಟ್ಟಳು. ಮುಂದೆ ಕೂತಿದ್ದ ಮಗುವೊಂದು ಚೀರಿ ಅಜ್ಜಿಯ ಮಡಿಲು ಹತ್ತಿತು. ಅಂಗಳದ ಬಾಗಿಲ ತನಕ ಹೋಗಿದ್ದ ಬೋತಾನ್ ಅತ್ತೆ ಅಲ್ಲೇ ಸ್ಟೂಲು ಹಾಕಿ ಕೂತಳು.

ಹುಡುಗ ಗುಹೆಯ ಬಾಯಿಗೆ ಬಂದು ನಿಂತ. ನಿಂತವನು ನಿಂತೇ ಇದ್ದ. ಒಂದು ಮಾತಿಲ್ಲ.

"ಏನಂತಾನೆ? ಏನಂತಾನೆ ಹೇಳೇ ಹುಡುಗಿ!"

"ಏನೂ ಅಂತಿಲ್ಲ ಅತ್ತೆ," ಎಂದಳು ಇಂಗ್ತೋ ಮೈಕಿನಲ್ಲೇ. ಆಮೇಲೆ ಹುಡುಗನ ಮುಖವನ್ನೇ ನೋಡುತ್ತ, "ಹೆದರ್ಕೊಂಡಿದಾನೆ. ಒಳಗೆ ಹೋಗೋಕೆ ಕಾಲು ಬರ್ತಿಲ್ಲ. ಮನೆಗೆ ಹೋಗಿ ನೀರು ತರ್ಲಿಲ್ಲ ಅನ್ನೋಕೆ ಬಾಯಿ ಬರ್ತಿಲ್ಲ. ತನ್ನಂಥವನಿಗೆ ಇದೆಲ್ಲ ಯಾಕೆ ಅಂತಿದಾನೆ," ಎಂದಳು.

"ನಿನ್ನಂಥವನೇ ಬೇಕು ಕಣೋ, ಹೋಗೋ ಒಳಗೆ!" ಬೋತಾನ್ ಅತ್ತೆ ಎದ್ದು ನಿಂತು ಕೂಗಿದಳು.

ಹುಡುಗ ಒಳಗೆ ಹೋದ. ಅತ್ತೆಯೇ ಬೆನ್ನಿಗೆ ಕೈಯಿಟ್ಟು ತಳ್ಳಿದಳೇನೋ ಎಂಬಂತೆ ಅಂಗಳವೆಲ್ಲ ಅವಳತ್ತ ತಿರುಗಿ ಹೋ ಎಂದಿತು.

ಜಾಡಿ ಒಡೆಯಿತು, ಉಬ್ಬರ ಮರಳಿ ಬಂತು, ಹುಡುಗ ಹೆಗಲ ಮೇಲೆ ಗಂಜಿಯ ಕಾವಡಿ ಹೊತ್ತು ಊರ ಕಡೆ ನಡೆದ. ಪರದೆ ಬೆಳ್ಳಗಾಯಿತು. ಯಂತ್ರದವನು ರೀಲು ಸುತ್ತತೊಡಗಿದ.

"ಮುಗೀತು," ಎಂದಳು ಇಂಗ್ತೋ.

ಯಾರೂ ಏಳಲಿಲ್ಲ. ಅಜ್ಜಿ ಮಡಿಲ ಮಗುವನ್ನು ತಟ್ಟುತ್ತ ಕೂತೇ ಇದ್ದಳು.

"ಮುಗೀತು ಅಂದ್ರೆ?" ಬೋತಾನ್ ಅತ್ತೆ ಕೇಳಿದಳು. "ಊರಿಗೆ ಹೋದ್ಮೇಲೆ ಏನಾಯ್ತು? ಅವರಮ್ಮ ಬೈದ್ಳಾ? ಮಾರನೇ ದಿನವೂ ಗಂಜಿನೇ ಮಾರಿದ್ನಾ? ಹೇಳ್ದೆ ಹೋದ್ರೆ ನಮಗೆ ನಿದ್ದೆ ಬರುತ್ತೇನೇ?"

ಇಂಗ್ತೋ ಪರದೆಯ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದುಕೊಂಡಳು.

"ಮಾರನೇ ದಿನ ಬೆಳಗಿನ ಜಾವ..." ಎಂದಳು, ಮತ್ತು ಇಡೀ ಅಂಗಳ ಆ ಖಾಲಿ ಪರದೆಯನ್ನು ಕಣ್ಣು ಮಿಟುಕಿಸದೆ ನೋಡತೊಡಗಿತು.