ಬಂಗಲೆಯ ತೊಟ್ಟಿಲು

ಮರಕ್ಕೆ ಹೊಸದಾಗಿ ಹಾಕಿದ ಪಾಲಿಶಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ.

ನಾನು ಚಿಕ್ಕವಳಿದ್ದಾಗ, ಯಲ್ದೂರಿನ ಕಡೆ ಮಾವಿನ ತೋಪಿನೊಳಗಿದ್ದ, ಒಂದು ಕಾಲಕ್ಕೆ ಊರಿನ ಜಮೀನಿಗೆಲ್ಲ ಒಡೆಯರಾಗಿದ್ದ ಜೋಡಿದಾರರ ಹಳೇ ಬಂಗಲೆಯನ್ನು ರಿಪೇರಿ ಮಾಡಿಸಿ ಜನ ನೋಡಲೆಂದು ತೆರೆದಿದ್ದರು. ಅಜ್ಜಿ ಪ್ರಾಯದಲ್ಲಿ ಅಲ್ಲಿ ಕೆಲಸಕ್ಕಿದ್ದಳು. ನೋಡಿ ಖುಷಿಪಡಲಿ ಎಂದು ಅಪ್ಪ ಅವಳನ್ನೂ ನನ್ನನ್ನೂ ಕರೆದುಕೊಂಡು ಹೋದ. ಅವಳು ಹೊಸಿಲ ಹೊರಗೇ ನಿಂತುಬಿಟ್ಟಳು.

"ಬಾಮ್ಮ, ಈಗ ಯಾರೂ ಏನೂ ಅನ್ನಲ್ಲ," ಎಂದು ಅಪ್ಪ ಕೈಹಿಡಿದು ಒಳಗೆ ಕರೆತಂದ.

ಮಲಗುವ ಕೋಣೆಯಲ್ಲಿ ಬೀಟೆ ಮರದ ತೊಟ್ಟಿಲೊಂದು ಹೊಸ ಪಾಲಿಶಿನಲ್ಲಿ ಥಳಥಳ ಹೊಳೆಯುತ್ತಿತ್ತು. ನಾನು ಓಡಿಹೋಗಿ ಜೋರಾಗಿ ತೂಗಿದೆ. ಅದರ ಹಿತ್ತಾಳೆ ಸರಪಳಿ ಕಿರುಗುಟ್ಟಿತು.

"ಬೇಡ ಕಣೇ, ನಿಲ್ಸು!" ಎಂದು ಅಜ್ಜಿ ಕೂಗಿ, ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ನೆಲಕ್ಕೆ ಕುಸಿದಳು.

"ಏನಾಯ್ತಮ್ಮ?" ಎಂದ ಅಪ್ಪ.

"ಈ ಮನೆ ಮಗೂಗೆ ಹಾಲು ಕುಡ್ಸೋಕೆ ನನ್ನ ಇಟ್ಕೊಂಡಿದ್ರು ಕಣಪ್ಪ. ನನ್ ಚೊಚ್ಚಲ ಗಂಡುಮಗು ಹಿತ್ತಲಲ್ಲಿ ಅಳ್ತಾ ಇರೋದು. ಅದಕ್ಕೆ ಹಾಲೇ ಉಳೀತಿರ್ಲಿಲ್ಲ. ಒಂದಿನ ಅಳು ನಿಂತೋಯ್ತು. ನಿದ್ದೆ ಬಂದಿರ್ಬೇಕು ಅಂದ್ಕೊಂಡು ನಾನು ಇಲ್ಲೇ ತೂಗ್ತಾ ಕೂತಿದ್ದೆ."

ತನಗೊಬ್ಬ ಅಣ್ಣನಿದ್ದ ಎಂಬುದು ಅಪ್ಪನಿಗೇ ಅವತ್ತು ಗೊತ್ತಾಯಿತು. ಅವಳ ಪಕ್ಕ ಕೂತು, "ಏನು ಹೆಸರಮ್ಮ ಅವನಿಗೆ?" ಎಂದು ಕೇಳಿದ.

"ಹೆಸರು ಇನ್ನೂ ಇಟ್ಟಿರ್ಲಿಲ್ಲ," ಎಂದಳು ಅಜ್ಜಿ.