ಬರಿಗಾಲು

ಕೊಟ್ಟಿಗೆಯೊಳಗೆ ಬಂದ ಗುಡ್ರುನ್ ಒಂದು ಹಸುವನ್ನೂ ಮುಟ್ಟಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ನಿಂತುಬಿಟ್ಟರು. ಐದು ನಿಮಿಷವಾಯಿತು, ಹತ್ತಾಯಿತು. ಹಸುಗಳ ಒಡತಿ ಟೋವೆ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡಳು. ಸೋಮವಾರ ಕಸಾಯಿಖಾನೆಯ ಲಾರಿ ಬರುವುದಿತ್ತು. ಡೆನ್ಮಾರ್ಕಿನ ಪಡುವಣ ಕರಾವಳಿಯ ಆ ಹಳ್ಳಿಯಲ್ಲಿ ಅವಳ ಅಜ್ಜಿ ಬೆಳೆಸಿದ ಕೆಂಪು ತಳಿಯ ನಲವತ್ತು ಹಸುಗಳು ಎರಡು ತಿಂಗಳಿಂದ ಬಡಕಲಾಗುತ್ತ, ಹಾಲು ಬತ್ತಿಸಿಕೊಂಡು, ಒಂದೇ ಮೂಲೆಯಲ್ಲಿ ಒತ್ತಿಕೊಂಡು ನಿಲ್ಲುತ್ತಿದ್ದವು. ಎರಡು ಆಗಲೇ ಸತ್ತಿದ್ದವು.

ಕೆಚ್ಚಲಿನ ತಜ್ಞ ಬಂದು ಕೆಚ್ಚಲಲ್ಲಿ ದೋಷವಿಲ್ಲ ಎಂದಿದ್ದ. ನೀರಿನ ತಜ್ಞೆ ಸೀಸೆ ತುಂಬಿಕೊಂಡು ಹೋಗಿ, ಹಸುಗೂಸಿಗೂ ಕುಡಿಸಬಹುದು ಎಂದು ಬರೆದು ಕಳಿಸಿದ್ದಳು. ಮೇವಿನ ತಜ್ಞ ಫ್ಲೆಮಿಂಗ್ ಇವತ್ತು ಮೂರನೇ ಸಲ ಬಂದಿದ್ದ. ಮೇವೂ ಸರಿಯಾಗಿಯೇ ಇತ್ತು. ದಿಕ್ಕು ತೋಚದೆ ಟೋವೆ ಊರಿನ ಹಳೆಯ ಪಶುವೈದ್ಯೆ ಗುಡ್ರುನ್ ಅವರಿಗೆ ಫೋನ್ ಮಾಡಿದ್ದಳು. ಅವರು ನಿವೃತ್ತರಾಗಿ ಹದಿಮೂರು ವರ್ಷವಾಗಿತ್ತು.

"ಚರ್ಚಿನ ಗಡಿಯಾರ ರಿಪೇರಿ ಮಾಡಿದ್ದು ಇವ್ರೇನಾ?" ಫ್ಲೆಮಿಂಗ್ ಟೋವೆಯ ಕಿವಿಯಲ್ಲಿ ಕೇಳಿದ.

"ಹೂಂ. ರೇಡಿಯೋನೂ ಮಾಡ್ತಾರೆ. ದೋಣಿಗೆ ಹಾಯಿ ಹೊಲೀತಾರೆ. ಜೇನು ಸಾಕಿದಾರೆ."

"ಹಂಗಾದ್ರೆ ಹಸುಗಳಿಗೆ ಒಂದೊಂದು ಅಂಗಿ ಹೊಲಿಸ್ಕೊಳ್ಳಿ."

"ಹೊಲಿಯೋಣಂತೆ, ಅಳತೆ ತಗೊಂಡ್ ಬಾ," ಗುಡ್ರುನ್ ತಿರುಗದೆಯೇ ಹೇಳಿದರು. "ಅದಕ್ಕೆ ಮುಂಚೆ ಇಲ್ಲಿ ನೋಡು. ಆ ಹಸು ನೀರು ಹೆಂಗೆ ಕುಡೀತಿದೆ?"

ಹಸು ಉಕ್ಕಿನ ತೊಟ್ಟಿಯ ಮುಂದೆ ಕತ್ತು ಚಾಚಿ ನಿಂತಿತ್ತು. ಮೂತಿ ಅದ್ದಲಿಲ್ಲ. ನಾಲಿಗೆಯ ತುದಿಯಿಂದ ನೀರನ್ನು ಚಕ್ಕನೆ ನೆಕ್ಕಿ ಹಿಂದೆ ಸರಿಯಿತು, ಬೆಕ್ಕು ಬಿಸಿ ಹಾಲಿಗೆ ಬಾಯಿ ಹಾಕಿದ ಹಾಗೆ.

"ಬಾಯಾರಿಕೆ ಇಲ್ಲ ಅಷ್ಟೆ," ಎಂದ ಫ್ಲೆಮಿಂಗ್.

"ಬಾಯಾರಿಕೆ ಇಲ್ದೆ ಅಲ್ಲಿಗ್ಯಾಕೆ ಹೋಗುತ್ತೆ? ಅದಕ್ಕೆ ಭಯ ಕಣಪ್ಪ."

ಗುಡ್ರುನ್ ಬಕೆಟ್ಟನ್ನು ಬೋರಲು ಹಾಕಿ ಕುಳಿತು ರಬ್ಬರ್ ಬೂಟು ಕಳಚಿದರು. ಉಣ್ಣೆಯ ಕಾಲುಚೀಲವನ್ನೂ ಎಳೆದು ತೆಗೆದರು.

"ಅಯ್ಯೋ, ಜನವರೀಲಿ! ಈ ವಯಸ್ಸಲ್ಲಿ!" ಟೋವೆ ಕೂಗಿದಳು.

"ಅವೇನು ಬೂಟು ಹಾಕ್ಕೊಂಡಿದಾವಾ?"

ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಗುಡ್ರುನ್ ಹಿಂಗೈಯನ್ನು ನೀರಿಗೆ ಇಳಿಸಿದರು. ಮುಖ ಕಿವುಚಿತು. ಇನ್ನೊಮ್ಮೆ ಇಳಿಸಿ ನೋಡಿದರು.

"ಇರುವೆ ಹರಿದಂಗಾಗುತ್ತೆ. ಟೋವೆ, ಕರೆಂಟಿಂದು ಹೊಸದೇನಾದ್ರೂ ಕೂರಿಸಿದೀಯಾ?"

"ಹಾಲು ತಂಪು ಮಾಡೋ ಯಂತ್ರ. ನವೆಂಬರಲ್ಲಿ."

"ಎಲ್ಲಾ ಆರಿಸಿಬಿಡು, ಮೊದ್ಲು."

ಟೋವೆ ಓಡಿಹೋಗಿ ಮುಖ್ಯ ಸ್ವಿಚ್ಚನ್ನೇ ಎಳೆದಳು. ಯಂತ್ರಗಳ ಗುಂಯ್ ಸದ್ದು ನಿಂತು, ಹೊರಗಿನ ಗಾಳಿಯೊಂದೇ ಕೇಳತೊಡಗಿತು.

"ಕರೆಂಟು ಎಲ್ಲೋ ಸೋರ್ತಿದೆ. ಸ್ವಲ್ಪವೇ," ಗುಡ್ರುನ್ ಹೇಳಿದರು. "ನಾವು ರಬ್ಬರಿನ ಮೇಲೆ ನಿಂತಿರ್ತೀವಿ, ನಮಗೆ ಗೊತ್ತಾಗಲ್ಲ. ಇವಕ್ಕೆ ಒದ್ದೆ ನೆಲದಲ್ಲಿ ನಾಲ್ಕು ಕಾಲು, ನೀರಲ್ಲಿ ನಾಲಿಗೆ. ಗುಟುಕಿಗೊಂದು ಏಟು, ಪಾಪ."

ಬಹಳ ಹೊತ್ತು ಯಾವ ಹಸುವೂ ಅಲುಗಲಿಲ್ಲ. ಟೋವೆ ಗುಡ್ರುನ್ ಅವರ ನೀಲಿಗಟ್ಟಿದ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡು ಗಸಗಸ ಉಜ್ಜುತ್ತಿದ್ದಳು. ಕೊನೆಗೆ ಮುದಿ ಹಸುವೊಂದು ಮುಂದೆ ಬಂತು. ನೆಕ್ಕಿತು, ಕಾಯಿತು. ಮತ್ತೆ ನೆಕ್ಕಿತು. ಆಮೇಲೆ ಮೂಗಿನ ಹೊಳ್ಳೆಯವರೆಗೂ ಮೂತಿ ಮುಳುಗಿಸಿ ಸೊರ್ರನೆ ಎಳೆಯಿತು. ಆ ಸದ್ದು ಕೇಳಿದ್ದೇ ತಡ, ಉಳಿದವು ಒಂದನ್ನೊಂದು ನೂಕಿಕೊಂಡು ನುಗ್ಗಿದವು. ಟೋವೆಯ ಕಣ್ಣು ತುಂಬಿ ಬಂತು.

ಫ್ಲೆಮಿಂಗ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಇದು ನಿಮ್ಗೆ ಎಲ್ಲಿಂದ ಹೊಳೀತಮ್ಮ? ವೈದ್ಯಕೀಯ ಓದಿದ್ದರಿಂದಾನಾ, ರೇಡಿಯೋ ಬಿಚ್ಚಿದ್ದರಿಂದಾನಾ?"

ಗುಡ್ರುನ್ ಕಾಲುಚೀಲ ಏರಿಸಿಕೊಂಡರು.

"ಯಾವನಿಗ್ಗೊತ್ತು ಮಾರಾಯಾ. ನಾನು ಅವನ್ನ ಬೇರೆ ಬೇರೆ ಡಬ್ಬೀಲಿ ಇಟ್ಕೊಂಡಿಲ್ಲ."

ಕರೆಂಟಿಲ್ಲದೆ ಪಂಪು ನಿಂತಿತ್ತು. ಸ್ವಲ್ಪ ಹೊತ್ತಿಗೆ ತೊಟ್ಟಿಯ ತಳ ಕಂಡಿತು. ಹಸುಗಳು ಮಾತ್ರ ಕದಲಲಿಲ್ಲ. ಬರಿದಾದ ಉಕ್ಕನ್ನೇ ನೆಕ್ಕುತ್ತ ನಿಂತಿದ್ದವು.